ನಂಜಪ್ಪನವರ ಮುಖ

ಹರ್ಷವರ್ಧನ್ ಲ್ಯಾಪ್‌ಟಾಪಿನ ವೈರನ್ನು ಟಿವಿಯ ಬೆನ್ನಿಗೆ ಚುಚ್ಚುತ್ತಿದ್ದಾಗ ಮೇಘಾ ಹೊಸ್ತಿಲ ಬಳಿಯೇ ನಿಂತಿದ್ದಳು. ಒಳಗೆ ಬಂದು ಕೂತ್ಕೋ ಎಂದು ಎಲ್ಲರೂ ಕರೆದಾಯಿತು. "ಇಲ್ಲೇ ಇರ್ತೀನ್ರಿ" ಎಂದು ಚೌಕಟ್ಟಿಗೆ ಒರಗಿದಳು. ಸೋಫಾದ ನಟ್ಟನಡುವೆ ನಂಜಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೀಗರ ಮನೆಗೆ ಹೊರಟವರ ಹಾಗೆ ಕೂತಿದ್ದರು. ಒಂದು ಪಕ್ಕಕ್ಕೆ ಅತ್ತಿಬೆಲೆಯಿಂದ ಬಂದ ತಂಗಿ ಚನ್ನಕ್ಕ, ಇನ್ನೊಂದು ಪಕ್ಕಕ್ಕೆ ಅವಳ ಗಂಡ ದಾಸಪ್ಪ. ಇಬ್ಬರನ್ನೂ ನಂಜಪ್ಪನವರೇ ಫೋನು ಮಾಡಿ ಕರೆಸಿದ್ದರು. ನಮ್ಮ ಮಾಳಿಗೆ ಮೇಲಿನ ಹುಡುಗರು ಗೇಮು ಮಾಡಿದ್ದಾರೆ, ಅದರಲ್ಲಿ ನಾನೂ ಇದ್ದೇನೆ, ಬಂದು ನೋಡಿಕೊಂಡು ಹೋಗಿ ಎಂದು.

"ಬಾವ, ಫೈಟಿಂಗ್ ಗೀಟಿಂಗ್ ಐತಾ?" ಎಂದ ದಾಸಪ್ಪ.

"ಈ ವಯಸ್ಸಲ್ಲಿ ಫೈಟಿಂಗ್ ಏನಯ್ಯ. ನಾನು ಮನೆ ಯಜಮಾನ. ಈ ಮಗೀನೇ ಏಳೈತೆ. ಅಲ್ವೇನವ್ವಾ?"

ಮೇಘಾ ತಲೆಯಾಡಿಸಿದಳು. ಅಷ್ಟು ದಿನದಿಂದ ಹೇಳಿಕೊಂಡು ಬಂದದ್ದೇ ಅದು. ಸುಳ್ಳಂತೂ ಅಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ಆ ಊರಿನಲ್ಲಿ ನಂಜಪ್ಪನವರ ರಾಗಿ ಹೊಲದ ಮೇಲೆಯೇ ಈಗ ಅವರ ಮೂರಂತಸ್ತಿನ ಮನೆ ನಿಂತಿತ್ತು. ಕೆಳಗೆ ಗಂಡ ಹೆಂಡತಿ, ನಡುವೆ ಬಾಡಿಗೆ ಸಂಸಾರಗಳು, ಮೇಲೆ ಹರ್ಷವರ್ಧನ್ ಕಟ್ಟಿದ ಪುಟ್ಟ ಗೇಮ್ ಸ್ಟುಡಿಯೋ. ಮಧ್ಯಾಹ್ನ ಉಂಡ ಮೇಲೆ ನಂಜಪ್ಪನವರು ಮೆಟ್ಟಿಲು ಹತ್ತಿ ಬಂದು ಮೇಘಾಳ ಹಿಂದೆ ಒಂದು ಕುರ್ಚಿ ಎಳೆದುಕೊಳ್ಳುವುದು ರೂಢಿಯಾಗಿತ್ತು. "ಕುಂತ ಕಡೇನೇ ಮನೆ ಕಟ್ತೀಯ, ಮರ ನೆಡ್ತೀಯ. ನಮ್ಮಪ್ಪ ಇದ್ದಿದ್ರೆ ನಿನ್ ಕೈಗೆ ಗುದ್ಲಿ ಕೊಟ್ಟು ನೋಡೋನು" ಎನ್ನುವರು. ರಾಣೆಬೆನ್ನೂರಿನ ಹುಡುಗಿ ಪರದೆಯಿಂದ ಕಣ್ಣು ಕೀಳದೆಯೇ ನಗುವಳು.

ಅವರ ಮುಖ ಬೇಕು ಎಂದು ಕೇಳಿದ್ದು ಅವಳೇ. ಮೋಡ ಮುಚ್ಚಿದ ಒಂದು ದಿನ, ನೆರಳು ಬೀಳದ ಬೆಳಕಿನಲ್ಲಿ, ಅವರನ್ನು ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಸುತ್ತಲೂ ತಿರುಗುತ್ತಾ ಫೋಟೋ ತೆಗೆದಿದ್ದಳು. ಹಾಗೆ ಸುತ್ತಿ ತೆಗೆದ ಚಿತ್ರಗಳನ್ನು ಹೊಲಿದರೆ ಕಂಪ್ಯೂಟರಿನಲ್ಲಿ ಇಡೀ ತಲೆ ಎದ್ದು ನಿಲ್ಲುತ್ತದೆ. "ಕಣ್ಣು ಮುಚ್ಚಿರ್ರಿ ಅಜ್ಜಾರ, ರೆಪ್ಪಿ ಅಲುಗಿದ್ರ ಕೆಡ್ತದ" ಎಂದಿದ್ದಳು. ಅವರು ಕಣ್ಣು ಮುಚ್ಚಿ, ಹಾಗೆಯೇ ಗೊರಕೆ ಹೊಡೆದರು. ಆಗ ಅದು ಊರ ಹಿರಿಯನೊಬ್ಬನ ಪಾತ್ರಕ್ಕೆ. ಕಣ್ಣನ್ನು ಆಮೇಲೆ ಮಾಡಿಕೊಂಡರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ಕಥೆ ಬದಲಾಯಿತು. ಯಜಮಾನ ತೀರಿಹೋದ ಮನೆಗೆ ಮೊಮ್ಮಗಳು ಬರುತ್ತಾಳೆ, ಒಂದೊಂದೇ ಬಾಗಿಲು ತೆಗೆಯುತ್ತಾ ಹೋಗುತ್ತಾಳೆ, ಕೊನೆಗೆ ಅಜ್ಜನನ್ನು ಕೂರಿಸಿದ ನಡುಮನೆ. ಕಣ್ಣು ಮುಚ್ಚಿದ ಮುದುಕರ ಮುಖ ಒಂದು ಸಿದ್ಧವಾಗಿಯೇ ಇತ್ತಲ್ಲ ಎಂದ ಹರ್ಷವರ್ಧನ್. "ಅವ್ರಿಗೆ ಹೇಳ್ಬಿಡು, ಬೇಜಾರಾಗ್ಬಾರ್ದು" ಎಂದೂ ಹೇಳಿದ. ಎರಡು ದಿನ ಬಿಟ್ಟು, "ಹೇಳಿದ್ಯಾ?" ಎಂದು ಕೇಳಿದಾಗ ಮೇಘಾ ಹೂಂ ಎಂದಳು. ನಾಳೆ ಹೇಳಿದರಾಯಿತು ಎಂದುಕೊಂಡೇ ಹೂಂ ಎಂದಿದ್ದಳು.

ಅದೂ ಸಾಲದೆಂಬಂತೆ ಅವಳು ಮಾರಕ್ಕನ ಬಳಿ ಹೋಗಿದ್ದಳು. ನಂಜಪ್ಪನವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತೀರಿಕೊಂಡವರನ್ನು ನಿಮ್ಮ ಕಡೆ ಹೇಗೆ ಕೂರಿಸುತ್ತೀರಿ, ನಮ್ಮ ಕಡೆ ವಿಭೂತಿ ಹಚ್ಚುತ್ತೇವೆ ಎಂದು ಮೇಘಾ ಮಾತು ತೆಗೆದಳು. ಮಾರಕ್ಕ ಮೊರವನ್ನು ಪಕ್ಕಕ್ಕೆ ಸರಿಸಿ, ಟವೆಲೊಂದನ್ನು ತೆಗೆದುಕೊಂಡು ಅವಳ ಗಲ್ಲದ ಕೆಳಗಿನಿಂದ ತಂದು ಕಟ್ಟಿಯೇ ತೋರಿಸಿದ್ದರು. "ಗಂಟು ನೆತ್ತಿ ಮ್ಯಾಲೆ ಆಕ್ತಾರೆ ಕೆಲವ್ರು. ನಾವು ಕಿವಿ ಪಕ್ಕ ಆಕ್ತೀವಿ. ನಮ್ಮಾವನ್ಗೆ ನಾನೇ ಕಟ್ಟಿದ್ದು." ಹಣೆಗೆ ಕಾಸು, ಕೈಯಲ್ಲಿ ಎಲೆ ಅಡಿಕೆ, ಕಾಲಿನ ಹೆಬ್ಬೆರಳಿಗೆ ದಾರ. ಇದೆಲ್ಲ ಯಾಕೆ ಮಗ ಎಂದು ಕೇಳಿದ್ದರು. ಗೇಮಿಗೆ ಎಂದಾಗ, ಇದನ್ನೂ ಆಡ್ತಾರಾ ಎಂದು ನಕ್ಕು ಮತ್ತೆ ಮೊರ ಎಳೆದುಕೊಂಡಿದ್ದರು.

ಈಗ ಟಿವಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ದಾಸಪ್ಪ ಹಟ್ಟಿಯನ್ನು ನೋಡಿ, "ಏಯ್, ಇದು ನಮ್ ಅಳೇ ಮನೆ ಇದ್ದಂಗೈತೆ" ಎಂದ. ನಡುಮನೆಗೆ ಮುಂಚೆ ನಿಲ್ಲಿಸು ಎಂದು ಹರ್ಷವರ್ಧನ್‌ಗೆ ಹೇಗಾದರೂ ಸನ್ನೆ ಮಾಡಬೇಕೆಂದು ಮೇಘಾ ನೋಡಿದಳು. ಅವನು ಬೆನ್ನು ಹಾಕಿ ಕೂತಿದ್ದ. ಗೇಮು ಹೋದ ವಾರ ಬಿಡುಗಡೆಯಾಗಿತ್ತು. ಆಡಿದವರು ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿ ಬರೆದದ್ದು ಆ ನಡುಮನೆಯ ಬಗ್ಗೆಯೇ. ಅದನ್ನು ಅವನು ಯಾಕಾದರೂ ಬಿಟ್ಟಾನು.

ಬಾಗಿಲು ತೆರೆಯಿತು. ಗೋಡೆಗೆ ಒರಗಿಸಿದ ಕುರ್ಚಿಯ ಮೇಲೆ ನಂಜಪ್ಪನವರು ಕೂತಿದ್ದರು. ಗಲ್ಲ ಸುತ್ತಿ ಕಿವಿಯ ಪಕ್ಕ ಗಂಟು ಹಾಕಿದ ಬಿಳಿ ಬಟ್ಟೆ, ಹಣೆಯ ಮೇಲೆ ಕಾಸು. ದೀಪ ಅಲುಗಿದಾಗಲೆಲ್ಲ ಮುಖದ ಮೇಲೆ ನೆರಳು ಆಡುತ್ತಿತ್ತು. ಎಡಗೆನ್ನೆಯ ನರಹುಲಿಯೂ ಬಿಟ್ಟುಹೋಗಿರಲಿಲ್ಲ.

ಚನ್ನಕ್ಕನ ಸೆರಗು ಬಾಯಿಗೆ ಹೋಯಿತು. ಕಾಫಿ ಲೋಟಗಳ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದ ಮಾರಕ್ಕ ಅಲ್ಲಿಯೇ ನಿಂತರು. ಆಕೆ ನೋಡುತ್ತಿದ್ದುದು ಗಂಟನ್ನು ಎಂದು ಮೇಘಾಳಿಗೆ ತಿಳಿಯಿತು. ಆಮೇಲೆ ಆ ತಟ್ಟೆ ಬಂದ ದಾರಿಯಲ್ಲೇ ಒಳಗೆ ಹೋಯಿತು.

ನಂಜಪ್ಪನವರು ಬಹಳ ಹೊತ್ತು ತಮ್ಮನ್ನೇ ನೋಡಿಕೊಂಡರು. ಕೈ ಒಂದು ಸಲ ಗಲ್ಲ ಸವರಿಕೊಂಡಿತು. ಆಮೇಲೆ ತಂಗಿಯ ಕಡೆ ತಿರುಗಿದರು.

"ಸುಮ್ನೆ ಯಾಕ್ ಕುಂತಿದ್ದೀಯೆ ಚನ್ನಿ. ಅಳು."

"ಅಣ್ಣಾ, ಏನಿದು?"

"ಅಳು ಅಂದ್ರೆ. ಅದುಕ್ಕೇ ಕರ್ಸಿದ್ದು ನಿನ್ನ. ಓದ್ ತಿಂಗ್ಳು ತಾರಸಿ ಮ್ಯಾಲೆ ಕುಂತಿದ್ನಾ, ಕಾಗೆ ಬಂದು ತಲೆ ಮುಟ್ಬುಡ್ತು. ಸತ್ತೋದ ಅಂತ ಸುದ್ದಿ ಕಳಿಸಿ ನೆಂಟ್ರನ್ನ ಅಳಿಸ್ಬೇಕಲ್ಲ, ದೋಷ ಓಗಾಕೆ. ಈಗ ಫೋನಲ್ಲಿ ಅಂಗೆಲ್ಲ ಏಳುದ್ರೆ ನಿನ್ ಗಂಡನ ಆರ್ಟೇ ನಿಂತೋಗ್ತದೆ. ಅದುಕ್ಕೆ ಈ ಮಗೀಗೆ ಏಳ್ದೆ. ನಿನ್ ಗೇಮಲ್ಲೇ ಒಂದ್ಸಲ ಸಾಯ್ಸ್ಬುಡವ್ವ ಅಂತ."

ಚನ್ನಕ್ಕ ಅಣ್ಣನ ತೋಳಿಗೆ ಒಂದು ಗುದ್ದು ಹಾಕಿದಳು. ಹಾಕಿದವಳು ನಿಜವಾಗಿಯೇ ಅತ್ತಳು. ಕಾಗೆ ದೋಷ ಕಳೆಯುವಷ್ಟು ಅತ್ತು, ಮೂಗು ಒರೆಸಿಕೊಂಡು ನಕ್ಕಳು. "ನಿನ್ ಆಯಸ್ಸು ಗಟ್ಟಿಯಾಯ್ತು ಬುಡು."

"ಅಂಗಾದ್ರೆ ತಿಥಿ ಊಟ ಯಾವತ್ತು ಬಾವ?" ಎಂದ ದಾಸಪ್ಪ. "ಬಾಡೂಟ ಇರ್ಬೇಕು, ನೋಡಿ. ಈಗ್ಲೇ ಏಳಿದೀನಿ."

"ಈ ಬಡ್ಡಿಮಗನ್ಗೆ ನಾನ್ ಸತ್ರೂ ಊಟದ್ದೇ ಚಿಂತೆ."

ನಗು ಎದ್ದಿತು. ಹರ್ಷವರ್ಧನ್ ಹಿಂದಕ್ಕೆ ಬಾಗಿ ಮೇಘಾಳಿಗೆ ಮೆಲ್ಲಗೆ ಹೇಳಿದ: "ಒಂದ್ ನಿಮಿಷ ನೀನು ಹೇಳೇ ಇಲ್ಲ ಅನ್ಕೊಂಡ್ಬಿಟ್ಟೆ ಗುರು. ಸಾರಿ."

ಇಲ್ಲ, ಹೇಳಿರಲಿಲ್ಲ, ಕಾಗೆಯೂ ಇಲ್ಲ ಏನೂ ಇಲ್ಲ ಎನ್ನಲು ಮೇಘಾ ಬಾಯಿ ತೆರೆದಳು. ನಂಜಪ್ಪನವರು ಚನ್ನಕ್ಕನನ್ನು ನೋಡುತ್ತಿದ್ದರು, ದಾಸಪ್ಪನನ್ನು ನೋಡುತ್ತಿದ್ದರು, ಟಿವಿಯನ್ನೂ ನೋಡುತ್ತಿದ್ದರು. ಬಾಗಿಲ ಕಡೆಗೆ ಮಾತ್ರ ಅವರ ಮುಖ ತಿರುಗಲಿಲ್ಲ. ಅವಳು ತೆರೆದ ಬಾಯಿ ಮುಚ್ಚಿಕೊಂಡು, ಗೋಡೆಯ ಬದಿಯಿಂದಲೇ ಹಾದು ಹಿತ್ತಲಿಗೆ ಹೋದಳು.

ಮಾರಕ್ಕ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಕಾಫಿಯ ತಟ್ಟೆ ನೆಲದ ಮೇಲಿತ್ತು.

"ಯಾವ ಕಾಗೇನೂ ಮುಟ್ಟಿಲ್ಲ ಅವ್ರನ್ನ" ಎಂದರು.

"ಗೊತ್ತದರಿ ಅಮ್ಮಾ."

"ನಾಕು ಜನದ ಮುಂದೆ ನಿನ್ ಮರ್ಯಾದೆ ಓಗ್ಬಾರ್ದು ಅಂತ ಅಂಗಂದ್ರು. ಓಗ್ಲಿ ಬುಡು, ಅವ್ರು ಅವ್ರ್ ಬುದ್ಧಿಗೆ ಸರಿಯಾಗೇ ಮಾಡುದ್ರು." ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡರು. "ಆ ಗಂಟು ನಾನ್ ತೋರ್ಸಿದ್ದು. ಇನ್ನೂ ಬದುಕಿರೋ ಗಂಡನ್ಗೆ ನನ್ ಕೈಯಾರೆ ಕಟ್ದಂಗಾಯ್ತಲ್ಲ ಮಗ."

"ಹಂಗನಬ್ಯಾಡ್ರಿ. ತಪ್ಪು ನಂದ್ರಿ. ನಮ್ಮನ್ಯಾಗ ಯಾರಿಗರ ಹಿಂಗ ಮಾಡಿದ್ರ ನಮ್ಮವ್ವ ಸುಮ್ನ ಬಿಡ್ತಿದ್ದಿಲ್ಲ. ನಂಗ ಗೊತ್ತಿತ್ರಿ. ಗೊತ್ತಿದ್ದೇ ಮಾಡೀನಿ." ತಡೆದು, "ಇವತ್ತೇ ತಗೀತೀನ್ರಿ" ಎಂದಳು.

ಮಾರಕ್ಕ ತಲೆ ಎತ್ತಿದರು. "ಬ್ಯಾಡ. ತಗುದ್ರೆ ಎತ್ಕಂಡೋದಂಗೆ ಆಗಾಕಿಲ್ವಾ? ಕುರ್ಚಿ ಬರಿದಾಯ್ತದೆ." ಯೋಚಿಸಿ ಹೇಳಿದರು: "ಬಟ್ಟೆ ಬಿಚ್ಚು. ಕಾಸು ತಗಿ. ಕಣ್ ಬಿಡ್ಸು. ಕಣ್ ಬಿಟ್ಕಂಡು ಎಲ್ಲಾದ್ರೂ ಕುಂತಿರ್ಲಿ. ಆಯ್ತದಾ ನಿನ್ ಕೈಲಿ?"

"ಆಗ್ತದರಿ."

ಮಾರಕ್ಕ ಎದ್ದು ಬಚ್ಚಲಿನ ಗೀಸರ್ ಸ್ವಿಚ್ಚು ಒತ್ತಿ, ಗೂಡಿನಿಂದ ಹರಳೆಣ್ಣೆಯ ಬಾಟಲಿ ತೆಗೆದರು. ಅವಳು ಇನ್ನೂ ನಿಂತೇ ಇದ್ದುದನ್ನು ನೋಡಿ, "ಓಗು ಮತ್ತೆ, ಅವ್ರ್ ತಲೆಗೆ ನೀರಾಕ್ಬೇಕು, ದೋಷ ಕಳೀಲಿ" ಎಂದರು. ಕಾಫಿ ಕುಡಿ ಎನ್ನಲಿಲ್ಲ. ಆ ಮನೆಯಲ್ಲಿ ಅದು ಮೊದಲು.

ಮೆಟ್ಟಿಲ ಬುಡದಲ್ಲಿ ಹರ್ಷವರ್ಧನ್ ಸಿಕ್ಕ. ಅವಳು ನಿಲ್ಲದೆಯೇ ಹೇಳಿದಳು. "ನಾ ಹೇಳಿರಲಿಲ್ಲ. ನಿಂಗ ಸುಳ್ಳು ಹೇಳಿದ್ದೆ. ಕಾಗಿ ಕಥಿ ಅಜ್ಜಾರು ಈಗ ಕಟ್ಟಿದ್ದು. ಬಟ್ಟಿ ಬಿಚ್ಚಿ ಅವರ ಕಣ್ಣು ಬಿಡಸ್ತೀನಿ."

ಅವನು ಕೈಯಲ್ಲಿದ್ದ ವೈರನ್ನು ಸುತ್ತುತ್ತಾ ಸುತ್ತುತ್ತಾ ನಿಂತ. "ಅವ್ರು ಕಣ್ಣು ಬಿಟ್ರೆ ಆ ಸೀನೇ ಇಲ್ವಲ್ಲ ಮೇಘಾ. ಎಲ್ರೂ ಬರೀತಿರೋದೇ ಅದ್ರ ಬಗ್ಗೆ."

"ಕುರ್ಚಿಗೆ ಬ್ಯಾರೆ ಮುಖ ಮಾಡ್ತೀನಿ, ಯಾರ್ದೂ ಅಲ್ಲದ್ದು. ಇವರನ್ನ ಜಗಲಿ ಮ್ಯಾಲ ಕುಂದರಸ್ತೀನಿ. ಬರೋರಿಗೆ ನೀರು ಬೇಕೇನು ಅಂತ ಕೇಳ್ಲಿ."

ಅವನು ಸುತ್ತಿದ ವೈರನ್ನು ಜೇಬಿಗೆ ತುರುಕಿದ. ಮತ್ತೆ ಒಳಗೆ ಹೋಗಿ ನಂಜಪ್ಪನವರ ಎದುರು ಕೂರಬೇಕೋ ಬೇಡವೋ ಎಂಬಂತೆ ಬಾಗಿಲನ್ನು ನೋಡಿದ.

ಮೇಲೆ ಯಾರೂ ಇರಲಿಲ್ಲ. ಸಂಜೆಯ ಬಿಸಿಲು ಮೇಲ್ಸೇತುವೆಯ ಕಂಬಗಳ ನಡುವಿನಿಂದ ಬಂದು ಮೇಜುಗಳ ಮೇಲೆ ಬಿದ್ದಿತ್ತು. ಮೇಘಾ ಕಂಪ್ಯೂಟರಿನಲ್ಲಿ ಆ ಮುಖವನ್ನು ತೆರೆದಳು. ಮೊದಲು ಕಾಸು ತೆಗೆದಳು. ಹಣೆಯ ಮೇಲೆ ಏನೂ ಗುರುತು ಉಳಿಯಲಿಲ್ಲ. ಬಟ್ಟೆ ತೆಗೆದಳು. ಅದನ್ನು ಬಿಚ್ಚಬೇಕಾಗಿಯೇ ಇರಲಿಲ್ಲ, ಒಂದು ಒತ್ತಿಗೆ ಹೋಯಿತು. ಹಾಗೆ ಹೋದದ್ದು ಅವಳಿಗೆ ಸಮಾಧಾನವಾಗಲಿಲ್ಲ. ಆಮೇಲೆ ರೆಪ್ಪೆಗಳ ಅಂಚು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದಳು.

ಒಳಗೆ ಏನೂ ಇರಲಿಲ್ಲ. ಮುಚ್ಚಿದ ಮುಖಕ್ಕೆ ಕಣ್ಣು ಯಾಕೆ ಎಂದು ಅವಳು ಮಾಡಿಯೇ ಇರಲಿಲ್ಲ. ಎರಡು ತೂತುಗಳಲ್ಲಿ ತಲೆಯ ಹಿಂಬದಿಯ ಬೂದು ಒಳಮೈ ಕಾಣುತ್ತಿತ್ತು.

ಮಾಡಿದರಾಯಿತು. ಸಿದ್ಧ ಕಣ್ಣುಗಳು ಬೇಕಾದಷ್ಟಿದ್ದವು. ಒಂದು ಜೊತೆ ಇಟ್ಟು ನೋಡಿದಳು. ಯಾರೋ ಅಪರಿಚಿತರು ಅವಳನ್ನು ದಿಟ್ಟಿಸಿದರು. ಇನ್ನೊಂದು ಜೊತೆ ಇಟ್ಟಳು, ಅದೂ ಅವರದಲ್ಲ. ವಯಸ್ಸಾದವರ ಕಣ್ಣಿನ ಪಾಪೆಯ ಸುತ್ತ ಬರುವ ನೀಲಿ ಬಳೆ ಅವರಿಗಿತ್ತೇ? ಗುಡ್ಡೆ ಕಪ್ಪೋ, ಕಂದೋ? ತಾರಸಿಯ ಫೋಟೋಗಳನ್ನೆಲ್ಲ ತಿರುವಿದಳು. ಎಲ್ಲದರಲ್ಲೂ ಅವರು ನಿದ್ದೆ ಹೋಗಿದ್ದರು. ದಿನಾ ಮಧ್ಯಾಹ್ನ ಬೆನ್ನ ಹಿಂದೆ ಕೂತು ಮಾತಾಡಿದ ಮನುಷ್ಯರು. ಒಂದು ದಿನವಾದರೂ ತಾನು ಅವರ ಕಡೆಗೆ ಕುರ್ಚಿ ತಿರುಗಿಸಿ ಕೂತದ್ದು ಅವಳಿಗೆ ನೆನಪಾಗಲಿಲ್ಲ.

ಅವರ ಕಣ್ಣನ್ನೊಮ್ಮೆ ನೋಡಲೆಂದು ಮೇಘಾ ಎದ್ದು ಮೆಟ್ಟಿಲು ಇಳಿದಳು. ನಡುವಿನ ತಿರುವಿಗೆ ಬಂದಾಗ ಕೆಳಗಿನ ಬಚ್ಚಲಿನಿಂದ ನೀರು ಹುಯ್ಯುವ ಸದ್ದು ಕೇಳಿಸಿತು. ಹರಳೆಣ್ಣೆಯ ವಾಸನೆ ಮೇಲಕ್ಕೆ ಹತ್ತಿ ಬಂದಿತ್ತು.

"ಸಾಕು ಕಣೇ" ಎಂದರು ನಂಜಪ್ಪನವರು. "ಕಣ್ಣಿಗೆಲ್ಲ ಎಣ್ಣೆ ಓಯ್ತು."

ಒಂದು ಚೊಂಬಿನ ಮೇಲೆ ಇನ್ನೊಂದು ಚೊಂಬು ನೀರು ಬೀಳುತ್ತಲೇ ಇತ್ತು. ಮೇಘಾ ಕಂಬಿ ಹಿಡಿದು, ನೀರು ನಿಲ್ಲುವುದನ್ನೇ ಕಾಯುತ್ತಾ ಅಲ್ಲಿಯೇ ನಿಂತಳು.