ಮೆತ್ತನೆ ಬಟ್ಟೆ

ಬೀರುವಿನ ಕೊನೆಯ ಅರೆಯಲ್ಲಿದ್ದುದನ್ನೂ ನೆಲಕ್ಕೆ ಸುರಿದು ಅವಳು ಮಂಡಿಯೂರಿ ಹುಡುಕಿದಳು. ನೀಲಿ ಗೀರಿನ ಅಂಗಿ ಅಲ್ಲೂ ಇರಲಿಲ್ಲ.

"ಅತ್ತಿಗೆ, ಗಾಡಿಯವನು ಆಗಲೇ ಹಾರ್ನ್ ಹೊಡೆದ. ಯಾವುದೋ ಒಂದು ತೊಡಿಸಿ ಕಳಿಸೋಣ," ಎಂದಳು ನಾದಿನಿ, ಬಾಗಿಲಿಗೆ ಒರಗಿ.

"ಯಾವುದೋ ಒಂದಲ್ಲ. ಅದೇ ಬೇಕು."

"ಊರವರದ್ದೆಲ್ಲ ಹೊಲೀತೀರಿ. ನಮ್ಮಣ್ಣನ ಒಂದೇ ಒಂದು ಅಂಗಿ ಎಲ್ಲಿದೆ ಅಂತ ಗೊತ್ತಿಲ್ಲ!"

ಮಾತು ಚುರುಕ್ಕೆಂದಿತು. ಮುಂದಿನ ಕೋಣೆಯಲ್ಲಿ ಅವನು ಕಲೆಯಾದ ಕೆಲಸದ ಅಂಗಿಯಲ್ಲೇ, ಬಿಳಿ ಹೊದಿಕೆಯಡಿ ಮಲಗಿದ್ದ. ಮನೆ ಮನೆ ತಿರುಗಿ ನೀರಿನ ಮೀಟರ್ ಓದುತ್ತಿದ್ದವನು. ನಿವೃತ್ತಿಯ ದಿನಕ್ಕೆಂದು ನೀಲಿ ಗೀರಿನ ಅಂಗಿಯನ್ನು ಅವಳೇ ಹೊಲಿದಿದ್ದಳು. ತೊಟ್ಟುಕೊಂಡು, "ಈಗ ನನ್ನ ಕಂಡ್ರೆ ನಾಯಿನೂ ಬೊಗಳಲ್ಲ," ಎಂದು ನಕ್ಕಿದ್ದ. ಜಗಳ ಮುಗಿಯುವ ಮೊದಲೇ ತೀರಿಕೊಂಡವನನ್ನು ಹಾಗೆಯೇ ಕಳಿಸಿಕೊಡಲು ಅವಳಿಗೆ ಮನಸ್ಸಿಲ್ಲ. ಆ ಅಂಗಿ ತೊಡಿಸಿದರೆ ಒಂದು ರೀತಿ ರಾಜಿಯಾದ ಹಾಗೆ.

*

ಅವಳ ಹೊಲಿಗೆ ಮೆಶೀನಿನ ಹಳೇ ಮೇಜಿಗೆ ಪಾಲಿಶ್ ಹಾಕಿಕೊಡುತ್ತೇನೆಂದು ಅವನಾಗಿಯೇ ಹೊರಟಿದ್ದ. ಮೆಶೀನು ಕಳಚಿ ಮಂಚದ ಕೆಳಗೆ ಸೇರಿತು. ಉಜ್ಜುಕಾಗದದ ಧೂಳು ಊಟದ ತಟ್ಟೆಯವರೆಗೂ ಬಂತು. ಗಿರಾಕಿಗಳು ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸಾದರು.

"ಎರಡೇ ದಿನ ಅಂದ್ರಿ. ಬಂದೋರಿಗೆ ನಾನು ಏನಂತ ಹೇಳ್ಲಿ?"

"ಪಾಲಿಶ್ ಇನ್ನೊಂದೇ ಕೋಟು ಬಾಕಿ ಕಣೇ. ಅದಕ್ಕೆ ಮೆತ್ತನೆ ಬಟ್ಟೆ ಬೇಕು, ಇಲ್ಲಾಂದ್ರೆ ಹೊಳಪು ಕೂರಲ್ಲ. ನಿನ್ನ ಚಿಂದಿ ಮೂಟೆಯಿಂದ ಒಂದು ತುಂಡು ಕೊಡು."

"ಮೂಟೆ ಮುಟ್ಟಿದ್ರೆ ನೋಡಿ! ಕೈಯಿಟ್ಟದ್ದೆಲ್ಲ ಹಾಳು. ಬೇಕಾದ್ರೆ ನಿಮ್ಮದೇ ಹರ್ಕೊಳ್ಳಿ."

ಅಂಥ ಮಾತಿಗೆಲ್ಲ ನಗುವವನು ಅಂದು ನಗಲಿಲ್ಲ. ಅವಳು ಚೀಲ ಹಿಡಿದು ಅಕ್ಕನ ಮನೆಗೆ ಹೋಗಿಬಿಟ್ಟಳು. ಮರುದಿನ ಪಕ್ಕದ ಮನೆಯವರ ಫೋನ್ ಬಂತು.

*

"ಹಿಂದಿನ ಕೋಣೆ ನೋಡಿದ್ರಾ?" ನಾದಿನಿಯ ದನಿ ತುಸು ಇಳಿದಿತ್ತು.

ಅವನು ಕುಸಿದದ್ದು ಅಲ್ಲಿಯೇ. ಬಂದಾಗಿನಿಂದ ಅವಳು ಆ ಕಡೆ ಕಾಲಿಟ್ಟಿರಲಿಲ್ಲ. ಈಗ ಹೋದಳು, ನಾದಿನಿ ಹಿಂದೆಯೇ ಬಂದಳು. ಕಿಟಕಿಯ ಬೆಳಕಿನಲ್ಲಿ ಮೇಜು ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆ ಮಾತ್ರ ಮಂಕು. ಡಬ್ಬಿಯ ಪಕ್ಕದಲ್ಲಿ ಬಟ್ಟೆಯ ಕಂದು ಉಂಡೆಯೊಂದು, ಪಾಲಿಶ್ ಹೀರಿ ಕಲ್ಲಾಗಿತ್ತು. ನಾದಿನಿ ಅದನ್ನೆತ್ತಿ ತಿರುಗಿಸಿದಳು. ಮಡಿಕೆಯೊಳಗೆ ನೀಲಿ ಗೀರು.

"ಅಯ್ಯೋ ಪೆದ್ದಣ್ಣ! ಇದನ್ನೇ ಹರಿದ್ನಾ? ಸಿಟ್ಟಿಗಾ?"

ಅವಳು ಕೈ ಚಾಚಿ ತೆಗೆದುಕೊಂಡಳು. ಹರಿದದ್ದಲ್ಲ. ಅಂಚನ್ನು ಕತ್ತರಿಯಲ್ಲಿ ನೆಟ್ಟಗೆ ಕತ್ತರಿಸಿದ್ದ. ಮನೆಯಲ್ಲಿ ಇದಕ್ಕಿಂತ ಮೆತ್ತನೆಯದಿಲ್ಲ ಎಂದೋ, ನಿನ್ನ ಮಾತೇ ನಡೆಯಲಿ ಎಂದೋ.

"ಗೊತ್ತಿಲ್ಲ ಕಣೇ," ಎಂದಳು.

ಹೊರಗೆ ಮತ್ತೆ ಹಾರ್ನ್ ಕೇಳಿಸಿತು.

"ಮೈಮೇಲಿರೋದೇ ಇರಲಿ ಅಂತ ಹೇಳು."

"ಆ ಕೊಳೆ ಅಂಗೀಲಾ? ನೋಡಿದೋರು ಏನಂದ್ಕೊಳ್ಳಲ್ಲ? ಇದನ್ನ ಬಿಡಿಸಿ ನೋಡೋಣ ತಾಳಿ, ಎಷ್ಟು ಉಳಿದಿದೆಯೋ."

"ಬೇಡ. ಮುರಿಯುತ್ತೆ."

ನಾದಿನಿ ಮೂಗೊರೆಸಿಕೊಂಡು ಹೊರಗೆ ಹೋದಳು. ಉಂಡೆಯ ಒಂದು ಬದಿಗೆ ನಾಲ್ಕು ತಗ್ಗುಗಳಿದ್ದವು, ಇನ್ನೊಂದು ಬದಿಗೆ ಒಂದು. ಅವಳು ಒಂದೊಂದರಲ್ಲೂ ಬೆರಳಿಟ್ಟು ಮುಷ್ಟಿ ಬಿಗಿಸಿದಳು. ತಗ್ಗುಗಳು ದೊಡ್ಡವು, ಎಷ್ಟು ಬಿಗಿಸಿದರೂ ಅವಳ ಬೆರಳುಗಳು ಅವುಗಳಲ್ಲಿ ಸಡಿಲವಾಗಿಯೇ ಉಳಿದವು.