ಒತ್ತುವ ಬೆರಳು, ತಗ್ಗುವ ಹಿಟ್ಟು

ಇಸವಿ ಎರಡು ಸಾವಿರ. ಕಂಪ್ಯೂಟರ್ ಕೋಚಿಂಗಿಗೆ ಹೆಸರಾದ ಬಡಾವಣೆ ಅಮೀರ್‌ಪೇಟ್‌ನಲ್ಲಿ ಕತ್ತೆತ್ತಿದರೆ ಜಾವಾ ಕಲಿಸುವ ಬೋರ್ಡುಗಳು. ರಸಾಯನಶಾಸ್ತ್ರ ಎಂ.ಎಸ್ಸಿ. ಮಾಡಿದ ನನ್ನನ್ನು ಕೇಳುವವರು ಯಾರು? "ಹಟ ಬಿಡೋ ವೈಜ್ಯಾ, ಕಂಪ್ಯೂಟರ್ ಕಲಿ" ಎಂದು ಹಾಸ್ಟೆಲಿನವರೆಲ್ಲ ಬುದ್ಧಿ ಹೇಳುವವರೇ. ಕಡೆಗೊಂದು ಕೋಚಿಂಗ್ ಸೆಂಟರಿನಲ್ಲಿ ಮೇಷ್ಟರ ಕೆಲಸ ಖಾಲಿಯಿತ್ತು. ನನ್ನನ್ನು ಪರೀಕ್ಷಿಸಲು ಒಂದು ಪಾಠ ಮಾಡಿ ತೋರಿಸಿ ಎಂದರು.

ಬೋರ್ಡಿನ ಮೇಲೆ "ಅಯಾನು ಚಿಕ್ಕದಾದಷ್ಟೂ ಧ್ರುವೀಕರಣ ಹೆಚ್ಚು" ಎಂದು ಜಂಬದಿಂದ ಬರೆದೆ. ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಕಣ, ಧ್ರುವೀಕರಣ ಎಂದರೆ ಅದರ ಎಲೆಕ್ಟ್ರಾನುಗಳು ಒಂದು ಪಕ್ಕಕ್ಕೆ ವಾಲುವುದು. ಮುಖ್ಯಸ್ಥರಾದ ಬೀದರಿನ ರಾಮದಾಸ ಸರ್ ಅಲ್ಲೇ ತಡೆದರು.

"ಹಂಗಾದ್ರ ಫ್ಲೋರೈಡಿಗಿಂತ ದೊಡ್ಡ ಅಯೋಡೈಡ್ ಯಾಕ ಹೆಚ್ಚು ಧ್ರುವೀಕರಣ ಆಗತೈತ್ರಿ?"

ಬರೆದದ್ದನ್ನೇ ಮತ್ತೊಮ್ಮೆ ಓದಿದೆ. ಪಿಯುಸಿ ತನಕ ಕನ್ನಡದಲ್ಲಿ ಓದಿದ ನಾನು, ಧ್ರುವೀಕರಣ ಮಾಡುವುದಕ್ಕೂ ಆಗುವುದಕ್ಕೂ ಧ್ರುವೀಕರಣ ಎಂಬ ಒಂದೇ ಮಾತು ಉರು ಹೊಡೆದಿದ್ದೆ.

"ಉಂಡು ಬರ್ರಿ. ಮೂರಕ್ಕ ಇನ್ನೊಮ್ಮೆ ನೋಡೋಣು" ಎಂದರು. ಆಗಲೂ ತಪ್ಪಿದರೆ ನನ್ನ ರಸಾಯನಶಾಸ್ತ್ರಕ್ಕೆ ಎಳ್ಳುನೀರು.

ಮೆಸ್ಸಿನಲ್ಲಿ ಸೇಡಂ ಕಡೆಯ ಯಂಕಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟಿಗೆ ಅವಳ ಪರಾತದಲ್ಲಿದ್ದ ಹಿಟ್ಟನ್ನು ಚುಚ್ಚುತ್ತ ಕೂತೆ.

"ಎಲಾ ಇವನ! ಹಿಟ್ಟೇನ್ ಮಾಡೇತೋ ನಿನಗ? ನಿನ್ನ ಬೆರಳತುದಿ ಸಣ್ಣದು, ಊರತೈತಿ. ನನ್ನ ಮುದ್ದಿ ದೊಡ್ಡದು, ಮೆತ್ತಗೈತಿ, ತಗ್ಗು ಬೀಳತೈತಿ. ಒತ್ತಾಂವ ನೀನು, ತಪ್ಪು ಹಿಟ್ಟಿಂದೇನು?"

ಅಬ್ಬಾ! ಒತ್ತುವುದು ಬೇರೆ, ಒತ್ತಿಸಿಕೊಳ್ಳುವುದು ಬೇರೆ. ಉಣ್ಣುವುದನ್ನೂ ಮರೆತು ಓಡಿದೆ.

ಮೂರಕ್ಕೆ ಬೋರ್ಡಿನ ಮುಂದೆ ನಿಂತು ಹೇಳಿದೆ: ಚಿಕ್ಕ ಲಿಥಿಯಂ ಅಯಾನು ಬೆರಳತುದಿ. ಅದರ ಧನ ಆವೇಶವೆಲ್ಲ ಇಷ್ಟೇ ಜಾಗದಲ್ಲಿದೆ, ಆದ್ದರಿಂದ ಪಕ್ಕದವರ ಎಲೆಕ್ಟ್ರಾನುಗಳನ್ನು ಜೋರಾಗಿ ಎಳೆಯುತ್ತದೆ. ದೊಡ್ಡ ಅಯೋಡೈಡ್ ಮೆತ್ತನೆಯ ಮುದ್ದೆ. ಅದರ ಹೊರಗಿನ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನಿಂದ ದೂರ, ಹಿಡಿತ ಸಡಿಲ. ಎಳೆದತ್ತ ವಾಲುತ್ತವೆ. ಧ್ರುವೀಕರಿಸುವ ಶಕ್ತಿ ಚಿಕ್ಕದಕ್ಕೆ, ಧ್ರುವೀಕರಣಗೊಳ್ಳುವ ಗುಣ ದೊಡ್ಡದಕ್ಕೆ.

"ಸೋಮವಾರದಿಂದ ಬರ್ರಿ ಮಾಸ್ತರ್" ಎಂದರು ರಾಮದಾಸ ಸರ್.

ನೇರ ಮೆಸ್ಸಿಗೆ ಹೋಗಿ ಯಂಕಮ್ಮನ ಕಾಲಿಗೆ ಬಿದ್ದೆ. ಅವಳು ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡಳು.

"ಏ, ತಲಿ ಕೆಟ್ಟೈತೇನು ನಿನಗ? ನಾ ಸಾಲಿ ಮೆಟ್ಟಲಾನೇ ಹತ್ತಿಲ್ಲೋ ಯಪ್ಪಾ!"

ಋಣ ದೊಡ್ಡದು, ಹೇಳಲೇಬೇಕಿತ್ತು. ಬೆರಳು, ಮುದ್ದೆ, ಅಯಾನು, ಎಲ್ಲ ಬಿಡಿಸಿ ಹೇಳಿದೆ. ಅವಳು ಬೆಂಕಿ ಸಣ್ಣಗೆ ಮಾಡಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಹಂಗಾದ್ರ ನನಗೂ ಓದಸಿದ್ರ ತಿಳೀತಿತ್ತೇನೋ?"

"ತಿಳೀತಿತ್ತು ಯವ್ವಾ. ನನಗಿಂತ ಮೊದಲ ತಿಳೀತಿತ್ತು" ಎಂದೆ.