ಹಸಿರು ಶಾಯಿ ಹೊಡೆದ ಮಾತು

ಒಂದಾನೊಂದು ಊರು. ಮೇಲಿನ ಬೀದಿಗೊಬ್ಬ ದೇವರು, ಕೆಳಗಿನ ಬೀದಿಗೊಬ್ಬ ದೇವರು. ನೀರಿಗೆ ಮಾತ್ರ ಎರಡು ಬೀದಿಗೂ ಒಂದೇ ನಲ್ಲಿ. ನಲ್ಲಿಯ ಬಳಿ ಶುರುವಾದ ಜಗಳ ದೊಡ್ಡದಾಗಿ, ಮೇಲಿನವರು ಕೆಳಗಿನ ಬೀದಿಯ ದರ್ಜಿಯ ಅಂಗಡಿ ಸುಟ್ಟರು.

ಮೇಲಿನ ಬೀದಿಯ ಗುರುಗಳು ಮರುದಿನವೇ ದರ್ಜಿಯ ತಾಯಿಯ ಮುಂದೆ ಕೂತು, ಊರೆದುರು ತಪ್ಪಾಯ್ತು ಅನ್ನುತ್ತೇನೆಂದು ಮಾತು ಕೊಟ್ಟರು. ಆ ಮಾತು ನನ್ನ ಕಿವಿಗೆ ಬಿದ್ದ ದಿನದಿಂದ ನಮ್ಮವರು ಯಾರೂ ಕೈ ಎತ್ತದಂತೆ ನಾನು ನೋಡಿಕೊಳ್ಳುತ್ತೇನೆ ಎಂದಳು ಮುದುಕಿ.

ಅಷ್ಟರಲ್ಲಿ ಸರ್ಕಾರ ಶಾಂತಿ ಸಮಿತಿ ಮಾಡಿತು. ಗುರುಗಳನ್ನೇ ಅಧ್ಯಕ್ಷರನ್ನಾಗಿಸಿ ಕೊರಳಿಗೊಂದು ಕಾರ್ಡು ಹಾಕಿತು. ಬೀದಿಗಳ ನಡುವಿನ ಬ್ಯಾರಿಕೇಡ್ ದಾಟಲು ಆ ಕಾರ್ಡೇ ಬೇಕು. ಮೈಕಿನಲ್ಲಿ ಆಡುವ ಮಾತನ್ನು ಮೊದಲೇ ಬರೆದು ಕಚೇರಿಗೆ ಒಪ್ಪಿಸಬೇಕು.

ಮೂರು ಸಲ ಒಪ್ಪಿಸಿದರು. ಮೂರು ಸಲವೂ ಅಧಿಕಾರಿಯ ಹಸಿರು ಶಾಯಿ ಅದೊಂದೇ ಮಾತಿನ ಮೇಲೆ ಗೀಟೆಳೆಯಿತು.

"ತಪ್ಪಾಯ್ತು ಅಂದ್ರೆ ಯಾರದ್ದು ಅಂತ ಕೇಳ್ತಾರೆ ಗುರುಗಳೇ. ನಮ್ಮ ವರದಿ ಪ್ರಕಾರ ಬೆಂಕಿ ತಾನಾಗೇ ಹತ್ತಿಕೊಂಡಿದ್ದು. ವಿಷಾದ ಅನ್ನಿ, ಚೆನ್ನಾಗಿರುತ್ತೆ. ಇಲ್ಲಾಂದ್ರೆ ಕಾರ್ಡು ವಾಪಸ್ ಇಸ್ಕೋಬೇಕಾಗುತ್ತೆ."

ಗುರುಗಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾರ್ಡು ಹೋದರೆ ಕೆಳಗಿನ ಬೀದಿಗೆ ಹೋಗುವ ದಾರಿಯಿಲ್ಲ; ಮಾತು ತಪ್ಪಿದರೆ ಹೋಗಿ ತೋರಿಸಲು ಮುಖವಿಲ್ಲ. ಕಾರ್ಡು ಸವರುತ್ತ ಪಡಸಾಲೆಯಲ್ಲಿ ಶತಪಥ ಹಾಕುವ ಗಂಡನನ್ನು ನೋಡಿ ಹೆಂಡತಿ, "ದೇವರನ್ನೂ ಇಷ್ಟು ಸಲ ಮುಟ್ಟಿಲ್ಲ ನೀವು," ಎಂದಳು.

ಸಭೆಯ ದಿನ ಎರಡೂ ಬೀದಿಯವರನ್ನು ಒಳಗೆ ಬಿಟ್ಟರು. ಮುದುಕಿ ಮಗನೊಂದಿಗೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ಗುರುಗಳು ಹಾಳೆ ನೋಡಿ ಓದಿದರು. ನಡೆದ ಅಹಿತಕರ ಘಟನೆಗೆ ಸಮಿತಿಯು ವಿಷಾದಿಸುತ್ತದೆ.

ಮುದುಕಿ ಕಿವಿಗೆ ಅಂಗೈ ಕೊಟ್ಟು, ಏನಂತೆ ಎಂದು ಮಗನನ್ನು ಕೇಳಿದಳು. ದರ್ಜಿ ಏನಿಲ್ಲವೆಂದು ತಲೆಯಾಡಿಸಿದ. ಅವಳು ಏಳಲೆಂದು ಕೋಲು ತಡವಿದಳು.

ಗುರುಗಳು ಹಾಳೆ ಮಡಚಿದರು. ಅನುಮತಿ ಬೇಕಿದ್ದದ್ದು ಮೈಕಿನ ಮಾತಿಗೆ. ವೇದಿಕೆಯ ಮೆಟ್ಟಿಲಿಳಿಯಲು ಯಾರೂ ಅರ್ಜಿ ಕೇಳಿರಲಿಲ್ಲ. ಇಳಿದರು. ಕೊರಳಿನ ಕಾರ್ಡು ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟು, ಹೋಗಿ ಮುದುಕಿಯ ಕಿವಿಯ ಹತ್ತಿರ ಬಾಗಿದರು.

"ತಪ್ಪಾಯ್ತಮ್ಮ."

"ಕೇಳಿಸ್ಲಿಲ್ಲಪ್ಪ," ಎಂದು ಮತ್ತೆ ಕಿವಿಗೆ ಅಂಗೈ ಕೊಟ್ಟಳು. ನಿಜಕ್ಕೂ ಕೇಳಿಸಲಿಲ್ಲವೋ, ಊರಿಗೆ ಕೇಳಿಸಲಿ ಎಂದಳೋ, ಅವಳಿಗೇ ಗೊತ್ತು.

ಗುರುಗಳು ನೆಟ್ಟಗೆ ನಿಂತು, ಪ್ರಾರ್ಥನೆಗೆ ಏರಿಸುವ ದನಿಯಲ್ಲೇ, ಹಿಂದಿನ ಸಾಲಿನ ತಮ್ಮ ಬೀದಿಯವರಿಗೂ ಮುಟ್ಟುವಂತೆ ಹೇಳಿದರು.

"ಅಂಗಡಿ ಸುಟ್ಟೋರು ನಮ್ಮೋರು. ತಪ್ಪಾಯ್ತು."

ಮುದುಕಿ ಕಿವಿಯಿಂದ ಕೈ ತೆಗೆದಳು.